ಹಲ್ಲಿ ಯಾಕೆ ಬೀಳಲ್ಲ?

1/5
ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರೇ, ಇವತ್ತು ರಾತ್ರಿ ಲೈಟಿನ ಹತ್ತಿರ ಗೋಡೆ ನೋಡಿ. ಒಂದು ಹಲ್ಲಿ ಇದ್ದೇ ಇರುತ್ತೆ. ಅದು ಲೊಚಗುಟ್ಟಿದ್ರೆ ನಮ್ಮಜ್ಜಿ "ಕೃಷ್ಣ ಕೃಷ್ಣ" ಅಂತ ನೆಲಕ್ಕೆ ಬೆರಳು ಬಡೀತಾರೆ. ಮೈಮೇಲೆ ಬಿದ್ರೆ ಪಂಚಾಂಗ ತೆಗೀತಾರೆ: ತಲೆಗಾದ್ರೆ ಒಂದು ಫಲ, ಭುಜಕ್ಕಾದ್ರೆ ಇನ್ನೊಂದು. ಬಿದ್ರೆ ಏನಾಗುತ್ತೆ ಅನ್ನೋ ಲೆಕ್ಕ ಪಕ್ಕಾ ಇದೆ. ಉಳಿದ ದಿನವೆಲ್ಲ ಅದು ಯಾಕೆ ಬೀಳಲ್ಲ? ಇಪ್ಪತ್ತು ವರ್ಷ ನಾನೂ ಕೇಳಿರಲಿಲ್ಲ ಮಾರಾಯ್ರೆ.

2/5
ಗಮನಿಸಿದವರು ಹಿಂದೆಯೇ ಇದ್ರು. ಸುಮಾರು 2300 ವರ್ಷದ ಹಿಂದೆ ಗ್ರೀಸಿನ ಅರಿಸ್ಟಾಟಲ್, ಮರಕುಟಿಗ ಹಲ್ಲಿ ಥರ ತಲೆಕೆಳಗಾಗಿಯೂ ಮರದ ಮೇಲೆ ಓಡುತ್ತೆ ಅಂತ ಬರೆದಿಟ್ಟ. ಆಮೇಲೆ ಕಾರಣ ಹುಡುಕಿದವರಲ್ಲಿ ಕೆಲವರು ಪಾದದಲ್ಲಿ ಅಂಟು ಇದೆ ಅಂದ್ರು, ಕೆಲವರು ಗಾಳಿ ಹೀರಿ ಕಚ್ಕೊಳ್ಳುತ್ತೆ ಅಂದ್ರು. 1934ರಲ್ಲಿ ಜರ್ಮನಿಯ ಡೆಲಿಟ್ ಗಾಳಿ ತೆಗೆದ ಜಾಗದಲ್ಲಿ ಪರೀಕ್ಷೆ ಮಾಡಿದ. ಹಿಡಿತ ಬಿಡಲಿಲ್ಲ. ಹೀರುವ ಕಥೆ ಅಲ್ಲಿಗೆ ಮುಗೀತು. ಇದನ್ನ ನೆನಪಿಟ್ಕೊಳ್ಳಿ, 4ನೇ ಭಾಗಕ್ಕೆ ಬೇಕು.

3/5
2000ದಲ್ಲಿ ಅಮೆರಿಕದ ಕೆಲ್ಲರ್ ಆಟಮ್, ರಾಬರ್ಟ್ ಫುಲ್ ತಂಡ ಟೋಕೆ ಅನ್ನೋ ದೊಡ್ಡ ಹಲ್ಲಿಯ ಪಾದದ ಒಂದೇ ಒಂದು ಕೂದಲಿನ ಹಿಡಿತ ಅಳೆದ್ರು. ಒಂದು ಪಾದದಲ್ಲಿ ಇಂಥವು ಸುಮಾರು 5 ಲಕ್ಷ. ಪ್ರತಿಯೊಂದರ ತುದಿಯೂ ಮತ್ತೆ ನೂರಾರು ಎಳೆ. ಆ ತುದಿಗಳು ಗೋಡೆಗೆ ತೀರಾ ಹತ್ತಿರ ಹೋದಾಗ ಅಣುಗಳ ಮಧ್ಯದ ಪುಟ್ಟ ಸೆಳೆತವೇ ಹಿಡ್ಕೊಳ್ಳುತ್ತೆ. ಅದೇ ವಾನ್ ಡರ್ ವಾಲ್ಸ್ ಬಲ, ಪಿಯುಸಿ ಸೈನ್ಸ್‌ನವರಿಗೆ ಗೊತ್ತು. 2002ರಲ್ಲಿ ಇದಕ್ಕೆ ಸಾಕ್ಷಿಯೂ ಸಿಕ್ತು. ಕೂದಲಿನ ಕೋನ ಬದಲಾದ್ರೆ ಸಾಕು, ಸಲೀಸಾಗಿ ಬಿಟ್ಕೊಳ್ಳುತ್ತೆ. ನಮ್ಮ ಮನೆ ಹಲ್ಲಿಯ ಬೆರಳಡಿಯಲ್ಲೂ ಇಂಥದ್ದೇ ಕೂದಲಿದೆ.

4/5
ಈಗ ಡೆಲಿಟ್ ನೆನಪು ಮಾಡ್ಕೊಳ್ಳಿ. ಬಾಹ್ಯಾಕಾಶದಲ್ಲೂ ಗಾಳಿ ಇಲ್ಲ. ಅಲ್ಲಿ ಕೆಟ್ಟು ತಿರುಗ್ತಿರೋ ಉಪಗ್ರಹಗಳು, ರಾಕೆಟ್ ಚೂರುಗಳನ್ನ ಹಿಡಿಯೋದು ಹೇಗೆ? ಗಾಳಿ ಹೀರಿ ಹಿಡಿಯೋ ಬಟ್ಟಲು ಕೆಲಸ ಮಾಡಲ್ಲ. ಸೋಲಾರ್ ಫಲಕಕ್ಕೆ ಅಯಸ್ಕಾಂತ ಅಂಟಲ್ಲ. ಜೋರಾಗಿ ತಾಗಿದ್ರೆ ವಸ್ತು ತೇಲಿ ದೂರ ಹೋಗುತ್ತೆ. ಮೆತ್ತಗೆ ಮುಟ್ಟಿ ಹಿಡೀಬೇಕು, ಬೇಕಾದಾಗ ಬಿಡಬೇಕು. ಹಲ್ಲಿ ಮಾಡೋದೂ ಅದನ್ನೇ. ಆ ಕೂದಲನ್ನ ನಕಲು ಮಾಡಿದ ಸಾಧನವನ್ನ ನಾಸಾದ ಜೆಪಿಎಲ್ 2016ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸ್ತು. 2021ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಮಾಡಿದ ಗ್ರಿಪ್ಪರನ್ನ ಆಸ್ಟ್ರೋಬೀ ಅನ್ನೋ ತೇಲುವ ರೋಬೋಗೆ ಜೋಡಿಸಿ ಅಲ್ಲೇ ಪರೀಕ್ಷಿಸಿದ್ರು.

5/5
ನಮಗೇನು ಅಂತೀರಾ? ಆ ಕಸ ನಮ್ಮ ಉಪಗ್ರಹಗಳಿಗೆ ಡಿಕ್ಕಿ ಹೊಡೀದಿರಲಿ ಅಂತ ಬೆಂಗಳೂರಿನ ಇಸ್ಟ್ರ್ಯಾಕ್‌ನಲ್ಲಿ ಕಣ್ಣಿಟ್ಟು ಕಾಯ್ತಾರೆ. 2024ರ ಡಿಸೆಂಬರ್ 30ಕ್ಕೆ ಹಾರಿದ ಪಿಎಸ್‌ಎಲ್‌ವಿ-ಸಿ60ರಲ್ಲಿ ಇಸ್ರೋ ಕಸ ಹಿಡಿಯೋ ರೋಬೋ ಕೈಯ ಪ್ರಯೋಗವನ್ನೂ ಕಳಿಸಿತ್ತು. ಅದು ಹಲ್ಲಿ ಪಾದ ಅಲ್ಲ, ಆದ್ರೆ ಸಮಸ್ಯೆ ಅದೇ.

ನಾನು ಬಿಕಾಂ, ಇದು ನನ್ನ ಸಬ್ಜೆಕ್ಟ್ ಅಲ್ಲ. ಆದ್ರೆ ಪ್ರಶ್ನೆ ಕೇಳೋಕೆ ಲ್ಯಾಬ್ ಬೇಡ. ಅಜ್ಜಿ ಪಂಚಾಂಗ ನೋಡಿ ನಗಬೇಡಿ, ಅವರಾದ್ರೂ ಹಲ್ಲಿಯನ್ನ ಗಮನಿಸ್ತಿದ್ರು. ನಾವು ಪೊರಕೆ ತಗೊಂಡು ಓಡಿಸ್ತೀವಿ ಅಷ್ಟೇ. ಇವತ್ತು ಕಿಟಕಿ ಗಾಜಿನ ಆಚೆ ಹಲ್ಲಿ ಕೂತಿದ್ರೆ ಈಚೆಯಿಂದ ಅದರ ಪಾದ ನೋಡಿ. ಬೆರಳಡಿಯಲ್ಲಿ ಪಟ್ಟೆ ಪಟ್ಟೆ ಕಾಣುತ್ತೆ, ಆ ಕೂದಲೆಲ್ಲ ಇರೋದು ಅಲ್ಲೇ. ಫೋಟೋ ತೆಗೆದು ಕಳಿಸಿ, ಸ್ಟೋರಿಗೆ ಹಾಕ್ತೀನಿ.

#ಸಾಗರ #ಹೊಸನಗರ #ತೀರ್ಥಹಳ್ಳಿ #ಹಲ್ಲಿಕಥೆ