ಸೈನಿಕರಿಗೆ ಹೋದ ಹಳೆ ಪುಸ್ತಕಗಳು

ಓದಿ ಮುಗಿಸಿದ ಪುಸ್ತಕಗಳನ್ನು ಮನೆಮನೆಯಿಂದ ಕೇಳಿ ತಂದು ಪುಕ್ಕಟೆಯಾಗಿ ಹಂಚಿದ ದೊಡ್ಡ ಸ್ವಯಂಸೇವಾ ಕೆಲಸಗಳಲ್ಲಿ ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ‘ವಿಕ್ಟರಿ ಬುಕ್ ಕ್ಯಾಂಪೇನ್’ ಒಂದು. ಅಲ್ಲಿನ ಗ್ರಂಥಪಾಲಕರಿಗೆ ಈ ದಾರಿ ಪರಿಚಿತವಾಗಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಸೇನಾ ಶಿಬಿರಗಳಲ್ಲಿ 36 ಗ್ರಂಥಾಲಯ ಕಟ್ಟಡಗಳನ್ನು ಕಟ್ಟಿಸಿ, ಲಕ್ಷಗಟ್ಟಲೆ ಪುಸ್ತಕ, ಪತ್ರಿಕೆಗಳನ್ನು ಒದಗಿಸಿತ್ತು.

1940ರಲ್ಲಿ ಕಡ್ಡಾಯ ಸೇನಾ ಭರ್ತಿ ಶುರುವಾಗಿ ಶಿಬಿರಗಳು ತುಂಬಿದಾಗ ಪುಸ್ತಕಗಳ ಕೊರತೆ ಮತ್ತೆ ಕಾಡಿತು. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್, ರೆಡ್ ಕ್ರಾಸ್ ಮತ್ತು ಸೈನಿಕರ ಕ್ಷೇಮ ನೋಡಿಕೊಳ್ಳುತ್ತಿದ್ದ ಯುಎಸ್ಒ ಸಂಸ್ಥೆ ಒಟ್ಟುಗೂಡಿ 1942ರ ಜನವರಿ 12ರಂದು ಅಭಿಯಾನ ಆರಂಭಿಸಿದವು. ಗುರಿ 1 ಕೋಟಿ ಪುಸ್ತಕ. ಲಾಸ್ ಏಂಜಲೀಸ್ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥೆ ಆಲ್ತಿಯಾ ವಾರೆನ್ ತಮ್ಮ ಹುದ್ದೆಗೆ ರಜೆ ಹಾಕಿ ಮೊದಲ ತಿಂಗಳುಗಳಲ್ಲಿ ಇದರ ಹೊಣೆ ಹೊತ್ತರು. ಗ್ರಂಥಾಲಯ, ಶಾಲೆ, ಅಂಗಡಿಗಳಲ್ಲಿ ಸಂಗ್ರಹ ಪೆಟ್ಟಿಗೆಗಳು ಬಂದವು. ಸ್ಕೌಟ್ ಹುಡುಗ ಹುಡುಗಿಯರು ಬಾಗಿಲು ಬಾಗಿಲು ತಟ್ಟಿ ಪುಸ್ತಕ ಹೊತ್ತು ತಂದರು.

ತರುವುದಕ್ಕಿಂತ ಆರಿಸುವುದೇ ಕಷ್ಟದ ಕೆಲಸವಾಯಿತು. ದೇಶದ ಮೇಲಿನ ಅಭಿಮಾನದಿಂದ ಕೊಟ್ಟವರು ಬಹಳ, ನಿಜ. ಆದರೆ ಅಟ್ಟ ಖಾಲಿ ಮಾಡಲು ಇದೇ ಸಮಯವೆಂದುಕೊಂಡವರೂ ಇದ್ದರು. ಹೆಣಿಗೆ ಕಲಿಸುವ ಪುಸ್ತಕ, ಶವಸಂಸ್ಕಾರದ ವೃತ್ತಿಯವರ ಪತ್ರಿಕೆ, 1870ರ ಕಾಲದ ದೇವತಾಶಾಸ್ತ್ರ ಎಲ್ಲವೂ ರಾಶಿಯೊಳಗೆ ಬಂದವು. ಇಪ್ಪತ್ತರ ಹರೆಯದ ಸೈನಿಕನಿಗೆ ಬೇಕಾಗಿದ್ದದ್ದು ಪತ್ತೇದಾರಿ, ಸಾಹಸ, ಹಾಸ್ಯದ ಕತೆಗಳು, ಹೊಸ ಕಾದಂಬರಿಗಳು. ತಾಂತ್ರಿಕ ಪುಸ್ತಕವಾದರೆ 1935ರಿಂದ ಈಚಿನದು. ಆದ್ದರಿಂದ ನಿಮ್ಮ ಬಳಿಯೇ ಇಟ್ಟುಕೊಳ್ಳಬೇಕು ಅನಿಸುವಂಥ ಪುಸ್ತಕವನ್ನೇ ಕೊಡಿ ಎಂದು ಅಭಿಯಾನದವರು ಜನರನ್ನು ಕೇಳಿಕೊಳ್ಳಬೇಕಾಯಿತು. ಪುಸ್ತಕದಾನದ ಬಗ್ಗೆ ಇದಕ್ಕಿಂತ ಸರಿಯಾದ ಅಳತೆಗೋಲು ಸಿಗುವುದು ಕಷ್ಟ. ಗ್ರಂಥಪಾಲಕರೂ ಸ್ವಯಂಸೇವಕರೂ ಒಂದೊಂದು ಪುಸ್ತಕವನ್ನೂ ತಿರುವಿ ನೋಡಿ, ಒಳ್ಳೆಯದನ್ನು ಶಿಬಿರ, ಹಡಗು, ಆಸ್ಪತ್ರೆಗಳಿಗೆ ಕಳಿಸಿದರು. ಸೈನಿಕರಿಗೆ ಹೊಂದದಿದ್ದರೂ ಓದಲು ಯೋಗ್ಯವಾದವು ಯುದ್ಧಸಾಮಗ್ರಿ ಕಾರ್ಖಾನೆಗಳಿಗಾಗಿ ಜನ ಬಂದು ನೆಲೆಸಿದ ಊರುಗಳಿಗೆ ಹೋದವು. ತೀರಾ ಹರಿದವು ರದ್ದಿಗೆ ಸೇರಿದವು. ಹೆಸರು ಯಾರಿಗೂ ಗೊತ್ತಾಗದ ಈ ವಿಂಗಡಣೆಯ ದುಡಿಮೆ ಇಲ್ಲದಿದ್ದರೆ ಶಿಬಿರಗಳಿಗೆ ಬರೀ ಕಾಗದದ ಹೊರೆ ತಲಪುತ್ತಿತ್ತು.

1943ರ ಕೊನೆಯ ವೇಳೆಗೆ ಬಂದ ಪುಸ್ತಕ ಸುಮಾರು 1.8 ಕೋಟಿ, ಸೈನಿಕರ ಕೈಸೇರಿದ್ದು ಸುಮಾರು 1 ಕೋಟಿ. ಅಷ್ಟರಲ್ಲಿ ಜನರ ಬಳಿ ಕೊಡುವಂಥ ಒಳ್ಳೆಯ ಪುಸ್ತಕಗಳು ಕಡಿಮೆಯಾಗಿದ್ದವು. ಇನ್ನೊಂದು ತೊಡಕು ತೂಕದ್ದು. ಗಟ್ಟಿ ರಟ್ಟಿನ ಪುಸ್ತಕ ಶಿಬಿರದ ಕಪಾಟಿಗೆ ಸರಿ, ರಣರಂಗದಲ್ಲಿ ಬೆನ್ನಿಗೆ ಚೀಲ ಹೊತ್ತು ನಡೆಯುವವನಿಗೆ ಭಾರ. ಹೀಗಾಗಿ 1943ರಲ್ಲೇ ಅಭಿಯಾನ ನಿಂತಿತು. ಅದೇ ವರ್ಷ ಪ್ರಕಾಶಕರ ಮಂಡಳಿಯೊಂದು ಸೇನೆಯ ಜೊತೆಗೂಡಿ, ಸಮವಸ್ತ್ರದ ಜೇಬಿನಲ್ಲಿ ಹಿಡಿಸುವ ತೆಳು ರಟ್ಟಿನ ‘ಆರ್ಮ್ಡ್ ಸರ್ವಿಸಸ್ ಎಡಿಷನ್’ಗಳನ್ನು ಹೊರತರತೊಡಗಿತು. 1947ರವರೆಗೆ 1,322 ಪುಸ್ತಕಗಳು ಅಚ್ಚಾಗಿ, 12 ಕೋಟಿಗೂ ಹೆಚ್ಚು ಪ್ರತಿಗಳು ಸೈನಿಕರಿಗೆ ಉಚಿತವಾಗಿ ಸಿಕ್ಕವು.