ಬಗ್ಗದ ಕ್ರಿಮಿಯ ಕಥೆ

ಮಗನಿಗೆ 9 ವರ್ಷವಿದ್ದಾಗ ಟೈಫಾಯ್ಡ್ ಬಂತು. ಹತ್ತು ದಿನ ಕಳೆದರೂ ಜ್ವರ ಇಳಿಯಲಿಲ್ಲ. ಡಾಕ್ಟರು ರಕ್ತಪರೀಕ್ಷೆಯ ರಿಪೋರ್ಟು ನೋಡಿ, "ಅಮ್ಮಾ, ಈ ಕ್ರಿಮಿ ಆ ಮಾತ್ರೆಗೆ ಬಗ್ಗೋ ಜಾತಿಯಲ್ಲ" ಎಂದರು. ಔಷಧಿ ಬದಲಿಸಿದ ಮೇಲೆ ಹುಡುಗ ಎದ್ದು ಕುಳಿತನೆನ್ನಿ. ಆದರೆ ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು.

ಮುಂದೆ ಜೀವತಂತ್ರಜ್ಞಾನ ಓದಲು ಹೋದ ಅವನೇ ಒಂದು ರಾತ್ರಿ ಊಟಕ್ಕೆ ಕುಳಿತು, "ಆ ಬಗ್ಗದ ಗುಣ ಇಲ್ದಿದ್ರೆ ನಮ್ಮ ಶಾಸ್ತ್ರಕ್ಕೆ ಕಣ್ಣೇ ಇರ್ತಿರ್ಲಿಲ್ಲಮ್ಮ" ಎಂದಾಗ, ಬಡಿಸುತ್ತಿದ್ದ ನನ್ನ ಕೈ ನಿಂತಿತು.

ಕಥೆ ಶುರುವಾದದ್ದು 1972ರ ನವೆಂಬರಿನಲ್ಲಿ, ಹೊನೊಲುಲುವಿನಲ್ಲಿ. ಸಮ್ಮೇಳನಕ್ಕೆಂದು ಬಂದಿದ್ದ ಸ್ಟ್ಯಾನ್ಲಿ ಕೊಹೆನ್ ಮತ್ತು ಹರ್ಬರ್ಟ್ ಬಾಯರ್ ರಾತ್ರಿ ಸ್ಯಾಂಡ್‌ವಿಚ್ ತಿನ್ನುತ್ತ ಮಾತಿಗಿಳಿದರು. (ದೊಡ್ಡ ಕೆಲಸಗಳೂ ತಿಂಡಿಯ ಮುಂದೆಯೇ ಕುದುರುತ್ತವೆ ನೋಡಿ!) ಕೊಹೆನ್ ವೈದ್ಯರು. ಔಷಧಿಗೆ ಬಗ್ಗದ ಗುಣವನ್ನು ಬ್ಯಾಕ್ಟೀರಿಯದಿಂದ ಬ್ಯಾಕ್ಟೀರಿಯಕ್ಕೆ ಹೊತ್ತೊಯ್ಯುವ, ಬಳೆಯಂಥ ಪುಟ್ಟ ಡಿಎನ್‌ಎ ಸುರುಳಿಗಳನ್ನು ಅಭ್ಯಾಸ ಮಾಡುತ್ತಿದ್ದರು. ಪ್ಲಾಸ್ಮಿಡ್ ಎಂದು ಅವಕ್ಕೆ ಹೆಸರು. ಬಾಯರ್ ಬಳಿ ಡಿಎನ್‌ಎಯನ್ನು ಗೊತ್ತಾದ ಜಾಗದಲ್ಲೇ ಕತ್ತರಿಸುವ ಕಿಣ್ವವಿತ್ತು.

1973ರಲ್ಲಿ, ಟೆಟ್ರಾಸೈಕ್ಲಿನ್‌ಗೆ ಬಗ್ಗದ ಬಳೆಗೆ ಕ್ಯಾನಮೈಸಿನ್‌ಗೆ ಬಗ್ಗದ ಜೀನನ್ನು ಬೆಸೆದರು. ಸರಿ, ಆ ಬಳೆ ಹೊಕ್ಕಿರುವುದು ಕೋಟಿಗಟ್ಟಲೆ ಬ್ಯಾಕ್ಟೀರಿಯಗಳಲ್ಲಿ ಯಾವುದರೊಳಗೆ? ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸೋಣವೆಂದರೆ ಕಣ್ಣಿಗೆ ಕಾಣಬೇಕಲ್ಲ! ಎರಡೂ ಔಷಧಿ ಬೆರೆಸಿದ ತಟ್ಟೆಯ ಮೇಲೆ ಅವನ್ನೆಲ್ಲ ಹರಡಿದರು. ಎರಡಕ್ಕೂ ಬಗ್ಗದವು ಮಾತ್ರ ಚುಕ್ಕೆಚುಕ್ಕೆಯಾಗಿ ಮೂಡಿದವು. ನನ್ನ ಮಗುವನ್ನು ಹಾಸಿಗೆಗೆ ಕೆಡವಿದ ಗುಣವೇ ಅಲ್ಲಿ ಜರಡಿಯಾಗಿತ್ತು.

ಇನ್ಸುಲಿನ್ ತಯಾರಿಸುವ ಬ್ಯಾಕ್ಟೀರಿಯವನ್ನು ಆರಿಸಿದ್ದೂ ಇಂಥದೇ ಜರಡಿಯಿಂದ. 1982ರಲ್ಲಿ ಅಮೆರಿಕದಲ್ಲಿ ಅದರ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ನಮ್ಮ ಫ್ರಿಜ್ಜಿನಲ್ಲಿ ಅತ್ತೆಯವರ ಇನ್ಸುಲಿನ್ ಸೀಸೆ ಹಾಲಿನ ಪಾತ್ರೆಯ ಪಕ್ಕದಲ್ಲೇ ಇರುತ್ತಿತ್ತು. ಇನ್ನು ಬೈಯುವುದು ಯಾರನ್ನು?

ಆದರೆ ಸೀಸೆಯಲ್ಲಿ ಬರುವುದು ಶುದ್ಧಮಾಡಿದ ಔಷಧಿ. ಗಿಡದ ಮಾತು ಬೇರೆ. ಅದು 2010, ಬೆಂಗಳೂರಿನಲ್ಲಿ ಬಿಟಿ ಬದನೆಯ ಬಗ್ಗೆ ಸಾರ್ವಜನಿಕ ಸಭೆ ನಡೆದ ವರ್ಷ. ಆ ಬದನೆಯಲ್ಲೂ ಕ್ಯಾನಮೈಸಿನ್‌ಗೆ ಬಗ್ಗದ ಜೀನಿದೆಯೆಂದು ಮಗ ಹೇಳಿದ.

"ಹಿಟ್ಟು ಜರಡಿ ಹಿಡಿದ ಮೇಲೆ ಜರಡೀನೂ ರೊಟ್ಟಿ ಜೊತೆ ಬಡಿಸ್ತೀರೇನೋ?" ಎಂದೆ.

ಅವನು ನಕ್ಕ. ಗಿಡದಿಂದ ಕ್ರಿಮಿಗೆ ಆ ಜೀನು ದಾಟುವುದು ತೀರ ಅಪರೂಪವೆಂದ. ಆಮೇಲೆ ತಾನೇ ದನಿ ತಗ್ಗಿಸಿ, ಯುರೋಪಿನವರು 2001ರಲ್ಲೇ ಕಾನೂನು ಮಾಡಿ, ಅಪಾಯವಾಗಬಹುದಾದ ಇಂಥ ಜೀನುಗಳನ್ನು ಹಂತಹಂತವಾಗಿ ಕೈಬಿಡಬೇಕೆಂದಿದ್ದಾರೆ, ಬೇರೆ ಜರಡಿಗಳೂ ಇವೆ ಎಂದ.

"ಮತ್ತೆ?" ಎಂದೆ. ಅವನು ತಟ್ಟೆಯಲ್ಲಿದ್ದ ಎಣ್ಣೆಗಾಯಿ ಕಲಸಿಕೊಂಡ. ಆ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ಬಿಟಿ ಬದನೆಗೆ ತಡೆ ಹಾಕಿತು.