ನಿಶ್ಚಯದಿಂದ ವರಾತದವರೆಗೆ: ಗಡಿಭಾಗದ ಲಗ್ನದ ಫೋಟೋ, ತಿಳಿದಿರಬೇಕಾದ ಸಂಗತಿಗಳು

ಚಿಂಚೋಳಿ ಎಂಐಡಿಸಿ (ಸೊಲ್ಲಾಪುರ): ತುಳಸಿ ಲಗ್ನ ಮುಗಿದ ಕೂಡಲೇ ನಮ್ಮ ಭಾಗದಲ್ಲಿ ಹಂದರ ಏಳಲು ಆರಂಭವಾಗುತ್ತದೆ. ಸೊಲ್ಲಾಪುರ–ಪುಣೆ ಹೆದ್ದಾರಿಯ ಮೇಲೆ ಮೋಹೋಳ ತಾಲೂಕಿನಲ್ಲಿರುವ ಚಿಂಚೋಳಿ ಔದ್ಯೋಗಿಕ ವಸಾಹತು ಇರಲಿ, ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಚಾದರ, ಟಾವೆಲ್ ಕಾರಖಾನೆಗಳಿರಲಿ, ಪಾಳಿ ಕೆಲಸದ ಹುಡುಗರು ಲಗ್ನಕ್ಕಾಗಿ ರಜೆ ಬರೆಯುವುದು ಇದೇ ದಿನಗಳಲ್ಲಿ. (ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕು ಬೇರೆ, ಇದು ಬೇರೆ.) ಹುಡುಗ ಅಕ್ಕಲಕೋಟ ತಾಲೂಕಿನವನು, ಹುಡುಗಿ ಇಂಡಿ, ಆಳಂದ ಇಲ್ಲವೆ ಅಫಜಲಪುರದ ಕಡೆಯವಳು. ಲಗ್ನಪತ್ರಿಕೆಯ ಒಂದು ಬದಿ ಮರಾಠಿ, ಇನ್ನೊಂದು ಬದಿ ಕನ್ನಡ. ಇಂಥ ಲಗ್ನದಲ್ಲಿ ಫೋಟೋ ತೆಗೆಯುವವರು ಮತ್ತು ತೆಗೆಸುವವರು ಇಬ್ಬರೂ ತಿಳಿದಿರಬೇಕಾದ ಮಾಹಿತಿಯನ್ನು ಇಲ್ಲಿ ಒಟ್ಟುಗೂಡಿಸಿ ಕೊಡಲಾಗಿದೆ.

ಸ್ಟುಡಿಯೋದಿಂದ ಹಂದರಕ್ಕೆ

ಹಿಂದೆ ಲಗ್ನದ ಫೋಟೋ ಎಂದರೆ ಒಂದೇ ಒಂದು. ಲಗ್ನವಾದ ಮೇಲೆ ಗಂಡ ಹೆಂಡತಿ ಪೇಟೆಗೆ ಬಂದು, ಬಣ್ಣದ ಪರದೆಯ ಮುಂದೆ ಕುರ್ಚಿ ಹಾಕಿಕೊಂಡು ತೆಗೆಸಿಕೊಳ್ಳುತ್ತಿದ್ದರು. ಅನೇಕ ಮನೆಗಳ ಪಡಸಾಲೆಯಲ್ಲಿ ಅಜ್ಜ ಅಜ್ಜಿಯ ಆ ಒಂದು ಕಪ್ಪು-ಬಿಳುಪು ಫೋಟೋ ಇಂದಿಗೂ ತೂಗುತ್ತಿದೆ. ಆಗಿನ 120 ರೋಲಿನಲ್ಲಿ ಚೌಕಾಕಾರದ 12 ಫೋಟೋ ಬರುತ್ತಿದ್ದವು. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಂಪನಿಯ ‘ಇಂದು’ ರೋಲುಗಳನ್ನು ಹಳೆಯ ಫೋಟೋಗ್ರಾಫರರು ಮರೆತಿಲ್ಲ. ಮುಂದೆ 36 ಫೋಟೋಗಳ ಬಣ್ಣದ ರೋಲು ಬಂತು, ಅದರ ಬೆನ್ನಿಗೆ ವಿಡಿಯೋ ಕ್ಯಾಸೆಟ್ ಬಂತು. 2000ದ ನಂತರದ ದಶಕದಲ್ಲಿ ಡಿಜಿಟಲ್ ಕ್ಯಾಮೆರಾ ಇವೆಲ್ಲವನ್ನೂ ಬದಿಗೆ ಸರಿಸಿತು.

ರೋಲಿನ ಕಾಲದಲ್ಲಿ ಫೋಟೋ ಕಡಿಮೆ ಇದ್ದವು, ಆದರೆ ಮನೆಯಲ್ಲಿ ಉಳಿದವು. ಈಗ ಒಂದು ಲಗ್ನಕ್ಕೆ ಸಾವಿರಾರು ಫೋಟೋ ತೆಗೆಯುತ್ತಾರೆ, ಹಾರ್ಡ್ ಡಿಸ್ಕ್ ಕೆಟ್ಟರೆ ಒಂದೂ ಉಳಿಯುವುದಿಲ್ಲ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕು.

ನಿಶ್ಚಯ ಅಥವಾ ಸಾಖರಪುಡಾ

ಕನ್ನಡದವರು ನಿಶ್ಚಯ ಎನ್ನುತ್ತಾರೆ, ಮರಾಠಿಯವರು ಸಾಖರಪುಡಾ ಎನ್ನುತ್ತಾರೆ. ಎರಡರಲ್ಲೂ ಸಕ್ಕರೆ ಇದೆ, ಕುಂಕುಮ ಇದೆ, ಹುಡುಗಿಗೆ ಉಡಿ ತುಂಬುವುದು ಇದೆ. ಈಚೆಗೆ ಉಂಗುರ ಮತ್ತು ಕೇಕ್ ಕೂಡ ಸೇರಿಕೊಂಡಿವೆ. ಸಾಮಾನ್ಯವಾಗಿ ಹುಡುಗಿಯ ಮನೆಯ ಪಡಸಾಲೆಯಲ್ಲಿಯೇ ಕಾರ್ಯ ನಡೆಯುತ್ತದೆ. ಜಾಗ ಇಕ್ಕಟ್ಟು, ಬೆಳಕು ಕಡಿಮೆ. ಬಾಗಿಲಿಗೆ ಎದುರಾಗಿ ಚಾಪೆ ಹಾಸಿ ಹುಡುಗಿಯನ್ನು ಕೂಡಿಸಿದರೆ ಹೊರಗಿನ ಬೆಳಕು ನೇರವಾಗಿ ಮುಖದ ಮೇಲೆ ಬೀಳುತ್ತದೆ, ಫ್ಲ್ಯಾಶ್ ಬೇಕಾಗುವುದಿಲ್ಲ. ಕಿಟಕಿಗೆ ಬೆನ್ನು ಮಾಡಿ ಕೂಡಿಸಿದರೆ ಮುಖ ಕಪ್ಪಾಗುತ್ತದೆ.

ನಿಶ್ಚಯದ ಫೋಟೋ ವಿಷಯದಲ್ಲಿ ಇನ್ನೊಂದು ಮಾತು. ನಿಶ್ಚಯವಾದ ಸಂಬಂಧಗಳೆಲ್ಲ ಲಗ್ನದವರೆಗೆ ಹೋಗುತ್ತವೆ ಎಂದೇನೂ ಇಲ್ಲ. ಅಂದೇ ಸಂಜೆ ಫೋಟೋವನ್ನು ವಾಟ್ಸಪ್ ಸ್ಟೇಟಸ್‌ಗೆ ಇಲ್ಲವೆ ಫೇಸ್‌ಬುಕ್‌ಗೆ ಹಾಕಿದರೆ, ಮುಂದೆ ಸಂಬಂಧ ಮುರಿದಾಗ ಹೆಚ್ಚಿನ ತೊಂದರೆ ಹುಡುಗಿಗೆ. ಆದ್ದರಿಂದ ಎರಡೂ ಮನೆಯವರನ್ನು, ಮುಖ್ಯವಾಗಿ ಹುಡುಗಿಯನ್ನು ಕೇಳದೆ ಫೋಟೋಗ್ರಾಫರ್ ತನ್ನ ಜಾಹೀರಾತಿಗಾಗಿ ಫೋಟೋ ಹಾಕಬಾರದು. ಒಪ್ಪಿಗೆಯನ್ನು ಬುಕ್ಕಿಂಗ್ ಪಾವತಿಯ ಮೇಲೆಯೇ ಒಂದು ಸಾಲಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಲಗ್ನದ ಕಾರ್ಯಗಳು

ಗಡಿಭಾಗದ ಲಗ್ನದಲ್ಲಿ ಎರಡು ಪದ್ಧತಿಗಳು ಕೂಡುತ್ತವೆ. ಹೊರಗಿನಿಂದ ಬಂದ ಫೋಟೋಗ್ರಾಫರ್ ಸಪ್ತಪದಿಗಾಗಿ ಕಾಯುತ್ತಿರುತ್ತಾನೆ. ಅನೇಕ ಲಿಂಗಾಯತ ಮನೆಗಳಲ್ಲಿ ಐದು ಕಳಸ ಇಟ್ಟು ಸ್ವಾಮಿಗಳ ಸಮ್ಮುಖದಲ್ಲಿ ಕಾರ್ಯ ಮುಗಿದೇ ಹೋಗಿರುತ್ತದೆ. ಆದ್ದರಿಂದ ಹಿಂದಿನ ದಿನವೇ ಮನೆಯ ಹಿರಿಯ ಹೆಣ್ಣುಮಗಳನ್ನು ಕೇಳಿ ಕಾರ್ಯಗಳ ಪಟ್ಟಿ ಮಾಡಿಕೊಳ್ಳಬೇಕು. ಸಾಮಾನ್ಯವಾಗಿ ತಪ್ಪಬಾರದವು ಇವು:

ಅರಿಶಿನ ಮತ್ತು ಸುರಗಿ: ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತಿ ನಡುವೆ ಕೂಡಿಸಿ ನೀರು ಹಾಕುವ ಕಾರ್ಯ. ಬೆಳಗಿನ ಹೊತ್ತು ಅಂಗಳದಲ್ಲಿ ನಡೆಯುವುದರಿಂದ ಬೆಳಕು ಚೆನ್ನಾಗಿರುತ್ತದೆ. ನೀರು, ಅರಿಶಿನದಿಂದ ಕ್ಯಾಮೆರಾ ಕಾಪಾಡಿಕೊಳ್ಳಬೇಕು.

ಗುಗ್ಗಳ: ವೀರಭದ್ರ ಮನೆದೇವರಾದವರಲ್ಲಿ ಇರುತ್ತದೆ. ಬೆಂಕಿ, ಶಸ್ತ್ರ, ಪುರವಂತರ ಕುಣಿತ ಇರುವುದರಿಂದ ದೂರ ನಿಂತು ತೆಗೆಯಬೇಕು. ಒಡಪು ಹೇಳುವಾಗ ಅಡ್ಡ ಹೋಗಬಾರದು.

ರುಖವತ: ಹುಡುಗಿಯ ಕಡೆಯವರು ಜೋಡಿಸಿಟ್ಟ ವಸ್ತುಗಳ ಸಾಲು. ಹೆಣ್ಣುಮಕ್ಕಳು ತಿಂಗಳುಗಟ್ಟಲೆ ಕೂತು ಮಾಡಿದ ಕಸೂತಿ, ಕೌದಿ ಇದರಲ್ಲಿ ಇರುತ್ತವೆ. ಮಂದಿ ಕೈ ಹಚ್ಚುವ ಮೊದಲೇ ಫೋಟೋ ತೆಗೆಯಬೇಕು.

ಅಂತರಪಟ ಮತ್ತು ಅಕ್ಕಿಕಾಳು: ಇಡೀ ಲಗ್ನದ ಮುಖ್ಯ ಕ್ಷಣ. ಮಂಗಳಾಷ್ಟಕ ಮುಗಿಯುತ್ತಲೇ ಅಂತರಪಟ ಸರಿಯುತ್ತದೆ, ವಾದ್ಯ ಬಾರಿಸುತ್ತದೆ, ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತದೆ. ಇದು ಎರಡನೇ ಸಲ ಬರುವುದಿಲ್ಲ. ಒಬ್ಬರು ಹುಡುಗಿಯ ಮುಖಕ್ಕೆ, ಇನ್ನೊಬ್ಬರು ಹುಡುಗನ ಮುಖಕ್ಕೆ ಎದುರಾಗಿ ನಿಂತಿರಬೇಕು. ಇಬ್ಬರೂ ಹಂದರದ ನಡುವೆ ನಿಂತು ಮಂದಿಗೆ ಅಡ್ಡವಾಗಬಾರದು. ಅಕ್ಕಿಕಾಳು ಹಾಕಲು ಬಂದವರಿಗೆ ಫೋಟೋಗ್ರಾಫರನ ಬೆನ್ನು ಮಾತ್ರ ಕಂಡಿತು ಎಂಬ ದೂರು ಪ್ರತಿ ಲಗ್ನದಲ್ಲೂ ಕೇಳಿಬರುತ್ತದೆ.

ಆಯೇರು, ಭೂಮದ ಊಟ, ವರಾತ: ಆಯೇರಿನ ಸಾಲಿನಲ್ಲಿ ಬಂದವರೆಲ್ಲರ ಫೋಟೋ ಬರಬೇಕು, ಯಾರದಾದರೂ ಬಿಟ್ಟರೆ ಬೀಗರಲ್ಲಿ ಮಾತು ಬೆಳೆಯುತ್ತದೆ. ವರಾತದ ಹೊತ್ತಿಗೆ ಕತ್ತಲಾಗಿರುತ್ತದೆ, ಬ್ಯಾಟರಿ ಉಳಿಸಿಟ್ಟುಕೊಳ್ಳಬೇಕು.

ಮುಸ್ಲಿಂ ಮನೆಗಳ ನಿಕಾಹದಲ್ಲಿ ಹೆಣ್ಣುಮಕ್ಕಳ ಕಡೆಗೆ ಮಹಿಳಾ ಫೋಟೋಗ್ರಾಫರ್ ಇದ್ದರೆ ಅನುಕೂಲ. ಸೊಲ್ಲಾಪುರದ ತೆಲುಗು ಪದ್ಮಶಾಲಿ ಮನೆಗಳಲ್ಲಿ ಕಾರ್ಯಗಳ ಕ್ರಮವೇ ಬೇರೆ, ಅಲ್ಲಿಯೂ ಮೊದಲೇ ಕೇಳಿಕೊಳ್ಳಬೇಕು.

ಅಲ್ಬಂನಲ್ಲಿ ಇಲ್ಲದ ತಾಯಿ

ಗಂಡ ತೀರಿಕೊಂಡ ತಾಯಿ ಮಗಳ ಲಗ್ನಕ್ಕಾಗಿ ವರ್ಷಗಟ್ಟಲೆ ದುಡಿದಿರುತ್ತಾಳೆ. ಅರಿಶಿನ ಹಚ್ಚುವಾಗ, ಆರತಿ ಎತ್ತುವಾಗ ಮಾತ್ರ ಆಕೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿರುತ್ತಾಳೆ. ಹಂದರದಲ್ಲಿ ಆಗುವ ಕಾರ್ಯಗಳನ್ನಷ್ಟೇ ತೆಗೆದರೆ ಇಡೀ ಅಲ್ಬಂನಲ್ಲಿ ಆಕೆಯ ಒಂದು ಫೋಟೋ ಕೂಡ ಇರುವುದಿಲ್ಲ. ವಿಧವೆಯರ ಮೇಲಿನ ಇಂಥ ಪದ್ಧತಿಗಳನ್ನು ನಿಲ್ಲಿಸಲು ಕೊಲ್ಲಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯತಿ 2022ರ ಮೇ ತಿಂಗಳಲ್ಲಿ ಠರಾವು ಮಾಡಿತು. ಅದೇ ತಿಂಗಳು ಮಹಾರಾಷ್ಟ್ರ ಸರಕಾರ ಉಳಿದ ಪಂಚಾಯತಿಗಳಿಗೂ ಇದನ್ನು ಅನುಸರಿಸುವಂತೆ ತಿಳಿಸಿತು. ಊರು ಬದಲಾಗಲು ಸಮಯ ಬೇಕು. ಆದರೆ ‘ಅವ್ವಾ, ಮಗಳ ಜೋಡಿ ಒಂದು ಫೋಟೋ ತೆಗಿತೀನ್ರಿ, ಬರ್ರಿ’ ಎಂದು ಕರೆಯಲು ಫೋಟೋಗ್ರಾಫರನಿಗೆ ಯಾವ ಠರಾವೂ ಬೇಕಿಲ್ಲ. ಲಗ್ನದ ಹಿಂದಿನ ಸಂಜೆ ಗದ್ದಲ ಕಡಿಮೆ ಇದ್ದಾಗ ಇದಕ್ಕೆ ಒಳ್ಳೆಯ ಸಮಯ.

ಬೆಳಕು ಮತ್ತು ಬಿಸಿಲು

ನಮ್ಮಲ್ಲಿ ಅನೇಕ ಲಗ್ನಗಳು ಮಧ್ಯಾಹ್ನ ಹನ್ನೆರಡರ ಮೇಲೆ ನಡೆಯುತ್ತವೆ. ನೆತ್ತಿಯ ಮೇಲಿನ ಬಿಸಿಲಿಗೆ ಬಾಸಿಂಗದ ನೆರಳು ಕಣ್ಣಿನ ಮೇಲೆ ಬೀಳುತ್ತದೆ. ಹಂದರದ ಕೆಂಪು, ಹಳದಿ ಬಟ್ಟೆಯಿಂದ ಸೋಸಿ ಬಂದ ಬೆಳಕು ಮುಖದ ಬಣ್ಣವನ್ನೇ ಬದಲಿಸುತ್ತದೆ. ಹಂದರದ ಒಳಗೆ ಒಂದು ಬಿಳಿ ಕಾಗದ ಹಿಡಿದು ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಸರಿಮಾಡಿಕೊಂಡರೆ ಇದು ಬಹಳಷ್ಟು ಕಡಿಮೆಯಾಗುತ್ತದೆ. ಬಣ್ಣದ ಮೇಲ್ಕಟ್ಟಿಗೆ ಫ್ಲ್ಯಾಶ್ ಹೊಡೆದು ಬೆಳಕು ತಿರುಗಿಸಬಾರದು, ಅದೇ ಬಣ್ಣ ಮುಖಕ್ಕೆ ಬರುತ್ತದೆ.

ಸಂಜೆಯ ಗೋರಜ ಮುಹೂರ್ತದಲ್ಲಿ ಹೊತ್ತು ಮುಳುಗುವ ಬೆಳಕು, ಎಲ್‌ಇಡಿ ದೀಪ ಎರಡೂ ಬೆರೆಯುತ್ತವೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ವಿಡಿಯೋದಲ್ಲಿ ಅಡ್ಡಪಟ್ಟಿ ಕಂಡರೆ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಡಬೇಕು. ಮೇ ತಿಂಗಳಲ್ಲಿ ಸೊಲ್ಲಾಪುರದ ಬಿಸಿಲು 40 ಡಿಗ್ರಿ ದಾಟುವುದರಿಂದ ನಿಲ್ಲಿಸಿದ ಜೀಪಿನಲ್ಲಿ ಕ್ಯಾಮೆರಾ, ಬ್ಯಾಟರಿ ಬಿಟ್ಟುಹೋಗಬಾರದು.

ಲಗ್ನದ ಮೊದಲಿನ ಫೋಟೋ

ಲಗ್ನಕ್ಕೆ ಮೊದಲು ಜೋಡಿಯಾಗಿ ಹೊರಗೆ ಹೋಗಿ ಫೋಟೋ ತೆಗೆಸುವುದು ಹಳ್ಳಿಗೂ ಬಂದಿದೆ. ಸೊಲ್ಲಾಪುರದ ಭುಯಿಕೋಟ ಕಿಲ್ಲೆ, ಭೀಮಾ–ಸೀನಾ ನದಿಗಳು ಕೂಡುವ ಹತ್ತರಸಂಗ ಕೂಡಲ, ಧಾರಾಶಿವ ಜಿಲ್ಲೆಯ ನಳದುರ್ಗ ಕಿಲ್ಲೆ, ವಿಜಯಪುರದ ಬಾರಾ ಕಮಾನ್ ಹತ್ತಿರದ ಸ್ಥಳಗಳು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಕೈಯಲ್ಲಿ ಕ್ಯಾಮೆರಾ ಹಿಡಿದು ಫೋಟೋ ತೆಗೆಯುವುದು ಬೇರೆ, ಟ್ರೈಪಾಡ್ ಮತ್ತು ಲೈಟ್ ಸ್ಟ್ಯಾಂಡ್ ಹೂಡುವುದು ಬೇರೆ. ಎರಡನೆಯದಕ್ಕೆ ಮೊದಲೇ ಅನುಮತಿ ಪಡೆಯಬೇಕು. ನಾನ್ನಜದ ಮಾಳಢೋಕ ಪಕ್ಷಿಧಾಮದಲ್ಲಿ ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ಹುಲ್ಲುಗಾವಲಿಗೆ ಇಳಿಯಬಾರದು.

ಡ್ರೋನ್ ಬೇಕೆಂದರೆ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನ್‌ಗೆ ನೋಂದಣಿ ಸಂಖ್ಯೆ ಇರಬೇಕು, ದುಡ್ಡು ಪಡೆದು ಅದನ್ನು ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಇರಬೇಕು. ಸೊಲ್ಲಾಪುರದ ಹೋಟಗಿ ರಸ್ತೆಯ ವಿಮಾನ ನಿಲ್ದಾಣದ ಸುತ್ತಮುತ್ತ ನಿರ್ಬಂಧ ಇದೆ ಎಂಬುದು ನೆನಪಿರಲಿ.

ಕಾನೂನು: ವಯಸ್ಸು ಕೇಳಲು ನಾಚಬೇಡಿ

2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬಿರಬೇಕು. ಇಂಥ ಲಗ್ನ ಮಾಡಿಸಿದವರಿಗೆ, ಅದಕ್ಕೆ ನೆರವಾದವರಿಗೆ 2 ವರ್ಷದವರೆಗೆ ಸಜೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಅಕ್ಷಯ ತೃತೀಯ ಬಂತೆಂದರೆ ಅಧಿಕಾರಿಗಳು ಭಟ್ಟರು, ಮಂಗಲ ಕಾರ್ಯಾಲಯ, ಬ್ಯಾಂಡಿನವರ ಜೊತೆ ಫೋಟೋಗ್ರಾಫರರಿಗೂ ಎಚ್ಚರಿಕೆ ಕೊಡುವುದು ಇದೇ ಕಾರಣಕ್ಕೆ. ಬುಕ್ಕಿಂಗ್ ತೆಗೆದುಕೊಳ್ಳುವಾಗ ಶಾಲೆಯ ದಾಖಲೆ ಅಥವಾ ಜನ್ಮ ದಾಖಲೆಯ ನಕಲು ಕೇಳಬೇಕು. ‘ಆ ರಾಜ್ಯದಲ್ಲಿ ಲಗ್ನ, ಈ ರಾಜ್ಯದಲ್ಲಿ ಯಾರು ಕೇಳ್ತಾರ’ ಎಂಬ ಮಾತು ಗಡಿಯಲ್ಲಿ ಕೇಳಿಬರುವುದುಂಟು. ಕಾಯ್ದೆ ಕೇಂದ್ರದ್ದು, ಎರಡೂ ಕಡೆ ಒಂದೇ. ಮಕ್ಕಳ ಸಹಾಯವಾಣಿ 1098 ಎರಡೂ ರಾಜ್ಯಗಳಲ್ಲಿ ಇದೆ.

ನೋಂದಣಿಗೆ ಬೇಕಾಗುವ ಫೋಟೋ

2006ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಎಲ್ಲ ಧರ್ಮದವರ ಮದುವೆಯೂ ನೋಂದಣಿ ಆಗಬೇಕೆಂದು ನಿರ್ದೇಶನ ಕೊಟ್ಟಿತು. ಮಹಾರಾಷ್ಟ್ರದಲ್ಲಿ 1998ರ ಕಾಯ್ದೆಯಂತೆ ಲಗ್ನವಾದ 90 ದಿನಗಳೊಳಗೆ ಅರ್ಜಿ ಕೊಡಬೇಕು, ತಡವಾದರೆ ದಂಡ ಇದೆ. ಹಳ್ಳಿಯಲ್ಲಿ ಜನ ಗ್ರಾಮಸೇವಕರೆಂದು ಕರೆಯುವ ಗ್ರಾಮ ಪಂಚಾಯತಿ ಅಧಿಕಾರಿಯೇ ಈ ಕೆಲಸ ನೋಡುತ್ತಾರೆ. ಲಗ್ನಪತ್ರಿಕೆ, ವಯಸ್ಸು ಮತ್ತು ವಿಳಾಸದ ದಾಖಲೆ, ಮೂವರು ಸಾಕ್ಷಿದಾರರ ಜೊತೆಗೆ ಲಗ್ನದ ಫೋಟೋ ಕೂಡ ಬೇಕಾಗುತ್ತದೆ. ಗಂಡ ಹೆಂಡತಿ ಇಬ್ಬರ ಮುಖವೂ ಸ್ಪಷ್ಟವಾಗಿ ಕಾಣುವ, ಬಾಸಿಂಗ ಮುಖ ಮುಚ್ಚದ, ಮಾಲೆ ಹಾಕಿದ ಒಂದು ಫೋಟೋವನ್ನು ಇದಕ್ಕಾಗಿಯೇ ತೆಗೆದಿಡಿ. ಅಲ್ಬಂ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಈ ಒಂದು ಪ್ರಿಂಟನ್ನು ವಾರದೊಳಗೆ ಕೇಳಿ ಪಡೆಯಬೇಕು.

ಗಡಿಭಾಗದ ವಿಶೇಷ ತೊಂದರೆ ಹೆಸರಿನದು. ಕರ್ನಾಟಕದ ದಾಖಲೆಯಲ್ಲಿ ಹುಡುಗಿಯ ಹೆಸರು ಒಂದು ರೀತಿ ಇದ್ದರೆ, ಮಹಾರಾಷ್ಟ್ರದಲ್ಲಿ ಹೆಸರು, ಗಂಡನ ಹೆಸರು, ಅಡ್ಡಹೆಸರು ಎಂದು ಬರೆಯುತ್ತಾರೆ. ಪತ್ರಿಕೆಯ ಕನ್ನಡ ಬದಿಯಲ್ಲಿ ಒಂದು, ಮರಾಠಿ ಬದಿಯಲ್ಲಿ ಇನ್ನೊಂದು ಅಕ್ಷರ ಬಿದ್ದರೆ ಕಚೇರಿಗೆ ಮತ್ತೆ ಮತ್ತೆ ಅಲೆಯಬೇಕು. ಪತ್ರಿಕೆ ಮತ್ತು ಅಲ್ಬಂ ಎರಡಕ್ಕೂ ಶಾಲೆಯ ದಾಖಲೆಯಲ್ಲಿ ಇದ್ದ ಹೆಸರನ್ನೇ ಕೊಡಿ.

ಫೋಟೋದ ಹಕ್ಕು ಯಾರದು?

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರದು. ಬೇರೆ ಕರಾರು ಇದ್ದರೆ ಮಾತ್ರ ಅದು ಬದಲಾಗುತ್ತದೆ. ಅಂದರೆ ಪಾವತಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿಯೇ ಸಹಿ ಮಾಡಬೇಕು. ಎಷ್ಟು ಫೋಟೋ, ಎಷ್ಟು ಪುಟದ ಅಲ್ಬಂ, ಯಾವ ದಿನ ಕೊಡುವುದು, ಮುಂಗಡ ಎಷ್ಟು, ಕಾರ್ಯ ಮುಂದೆ ಹೋದರೆ ಏನು ಎಂಬುದನ್ನು ಇಬ್ಬರಿಗೂ ತಿಳಿಯುವ ಭಾಷೆಯಲ್ಲಿ ಬರೆದುಕೊಳ್ಳಿ.

ಫೋಟೋಗ್ರಾಫರ್ ಎರಡು ಮೆಮೊರಿ ಕಾರ್ಡಿನಲ್ಲಿ ಒಮ್ಮೆಗೇ ತೆಗೆಯುವುದು, ಅದೇ ರಾತ್ರಿ ಎರಡು ಬೇರೆ ಡಿಸ್ಕಿಗೆ ಹಾಕುವುದು, ಅಲ್ಬಂ ಕೊಡುವವರೆಗೆ ಕಾರ್ಡ್ ಅಳಿಸದಿರುವುದು ರೂಢಿಯಾಗಬೇಕು. ಮನೆಯವರೂ ಒಂದು ಪ್ರತಿ ತವರಿನಲ್ಲಿ, ಒಂದು ಪ್ರತಿ ಗಂಡನ ಮನೆಯಲ್ಲಿ ಇಡಬೇಕು. ಒಂದು ಮನೆಯಲ್ಲಿ ಕಳೆದರೂ ಇನ್ನೊಂದು ಮನೆಯಲ್ಲಿ ಉಳಿದಿರುತ್ತದೆ.

ಜಿಲ್ಲೆಯ ದೊಡ್ಡ ಲಗ್ನ

ಕೆಲಸ ಕಲಿಯುವ ಹುಡುಗರಿಗೆ ಕೊನೆಯದಾಗಿ ಒಂದು ಸೂಚನೆ. ಪ್ರತಿ ವರ್ಷ ಸಂಕ್ರಾಂತಿಯ ಗಡ್ಡಾ ಯಾತ್ರೆಯಲ್ಲಿ ಸೊಲ್ಲಾಪುರದ ಸಮ್ಮತಿ ಕಟ್ಟೆಯ ಹತ್ತಿರ ಶ್ರೀ ಸಿದ್ಧರಾಮೇಶ್ವರರ ಯೋಗದಂಡದ ಜೊತೆ ಕುಂಬಾರ ಕನ್ಯೆಯ ಲಗ್ನ ನಡೆಯುತ್ತದೆ. ಮೊದಲ ದಿನದ ಕಾರ್ಯಕ್ಕೆ ಮರಾಠಿಯವರೂ ‘ಯಣ್ಣಿಮಜ್ಜನ’ ಎಂದೇ ಹೇಳುತ್ತಾರೆ. ಅದು ನಮ್ಮ ಎಣ್ಣೆಮಜ್ಜನವೇ. ಭೋಗಿಯ ದಿನ ಏಳು ನಂದಿಧ್ವಜಗಳು ಬಂದು ನಿಂತು, ಸಮ್ಮತಿ ವಾಚನ ನಡೆದಂತೆ ಬಿಳಿ ಬಾರಾಬಂದಿ ತೊಟ್ಟ ಸಾವಿರಾರು ಭಕ್ತರು ಅಕ್ಷತೆ ಹಾಕುತ್ತಾರೆ. ಬಿಳಿ ಬಟ್ಟೆ, ಸುಡುವ ಬಿಸಿಲು, ಹಾರುವ ಅಕ್ಕಿ, ಒಂದೇ ಕ್ಷಣ: ಲಗ್ನದ ಫೋಟೋದ ಕಷ್ಟವೆಲ್ಲ ಅಲ್ಲಿ ಒಟ್ಟಿಗೇ ಇದೆ. ಕ್ಯಾಮೆರಾ ಹಿಡಿದು ಅಲ್ಲಿ ಒಂದು ದಿನ ನಿಂತವನಿಗೆ ಮಂದಿಗೆ ಅಡ್ಡವಾಗದೆ ನಿಲ್ಲುವುದು ತಾನಾಗಿ ಬರುತ್ತದೆ. ಊರಿನ ಹಂದರದಲ್ಲಿ ಮೊದಲು ಬೇಕಾಗುವುದೂ ಅದೇ.